ಡಿಹ್ಯುಮಿಡಿಫೈಯರ್‌ನ ವಿದ್ಯುತ್ ವೆಚ್ಚ: ಗೋರೆಗಾಂವ್‌ನ ಮಳೆಗಾಲದ ಲೆಕ್ಕ

ಕೋಣೆಯ ಗಾಳಿಯಲ್ಲಿರುವ ನೀರಾವಿಯನ್ನು ತಣ್ಣನೆಯ ಸುರುಳಿಯ ಮೇಲೆ ಹನಿಗಟ್ಟಿಸಿ, ಆ ನೀರನ್ನು ತೊಟ್ಟಿಗೆ ಇಳಿಸಿ, ಒಣಗಿದ ಗಾಳಿಯನ್ನು ಮತ್ತೆ ಕೋಣೆಗೇ ಬಿಡುವ ಗೃಹಬಳಕೆಯ ಯಂತ್ರ ಡಿಹ್ಯುಮಿಡಿಫೈಯರ್. ಕಂಪ್ರೆಸರ್, ಫ್ಯಾನು, ಎರಡು ಸುರುಳಿ, ಒಂದು ತೊಟ್ಟಿ, ತೇವಾಂಶ ಅಳೆದು ಯಂತ್ರವನ್ನು ನಿಲ್ಲಿಸಿ ಹೊರಡಿಸುವ ಒಂದು ಸಂವೇದಕ, ಇಷ್ಟೇ ಅದರ ಒಡಲು. ಇದರ ಕರೆಂಟ್ ಖರ್ಚನ್ನು ಅಂದಾಜು ಮಾಡುವ ರೂಢಿಯ ವಿಧಾನ ಸುಲಭದ್ದು: ಯಂತ್ರದ ಹಿಂದೆ ಅಂಟಿಸಿದ ಚೀಟಿಯಲ್ಲಿರುವ ವ್ಯಾಟನ್ನು ಗಂಟೆಗಳಿಂದ ಗುಣಿಸಿ, ಸಾವಿರದಿಂದ ಭಾಗಿಸಿ, ಬಂದ ಯೂನಿಟ್ಟನ್ನು ದರದಿಂದ ಗುಣಿಸುವುದು. ಸೂತ್ರದಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ತುಂಬುವ ಎರಡು ಅಂಕಿಗಳು, ಗಂಟೆ ಮತ್ತು ದರ, ಸಾಮಾನ್ಯವಾಗಿ ಊಹೆಯವು. ಯಂತ್ರ ಎಷ್ಟು ಗಂಟೆ ಓಡಬೇಕೆಂಬುದನ್ನು ಕೋಣೆಗೆ ನುಗ್ಗುವ ನೀರು ತೀರ್ಮಾನಿಸುತ್ತದೆ. ಆ ಯೂನಿಟ್ಟಿಗೆ ಎಷ್ಟು ರೂಪಾಯಿ ಎಂಬುದನ್ನು ಮನೆಯ ಉಳಿದ ಬಳಕೆ ತೀರ್ಮಾನಿಸುತ್ತದೆ. ಹಾಗಾಗಿ ಈ ಲೆಕ್ಕವನ್ನು ವ್ಯಾಟಿನಿಂದಲ್ಲ, ಲೀಟರಿನಿಂದ ಶುರುಮಾಡಬೇಕು. ಬಿಲ್ಲಿನ ಸರಾಸರಿ ದರದಲ್ಲಲ್ಲ, ಬಿಲ್ಲಿನ ಕೊನೆಯ ಯೂನಿಟ್ಟಿನ ದರದಲ್ಲಿ ಮುಗಿಸಬೇಕು.

ಮುಂಬಯಿಯ ಪಶ್ಚಿಮ ಉಪನಗರವಾದ ಗೋರೆಗಾಂವ್ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ಆರೆ ಕಾಲೊನಿಯ ಹಸಿರು ಮತ್ತು ಅದರಾಚೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಪಶ್ಚಿಮಕ್ಕೆ ಮಲಾಡ್ ಖಾರಿಯ ಕಾಂಡ್ಲಾವನ. ನಡುವೆ ಮೋತಿಲಾಲ್ ನಗರದ ಹಳೆಯ ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಮನೆಗಳಿಂದ ಹಿಡಿದು ದಿಂಡೋಶಿಯ ಗೋಪುರಗಳವರೆಗೆ ನಾನಾ ಬಗೆಯ ಗೋಡೆ, ನಾನಾ ಬಗೆಯ ಕಿಟಕಿ. ಹವಾಮಾನ ಇಲಾಖೆಯ ಪ್ರಕಾರ ಮುಂಬಯಿಗೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 11, ಹಿಂತಿರುಗುವ ದಿನ ಅಕ್ಟೋಬರ್ 8. ಈ ನಾಲ್ಕು ತಿಂಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಬೀಳುವ ಮಳೆ ಎರಡು ಸಾವಿರ ಮಿಲಿಮೀಟರನ್ನು ದಾಟುತ್ತದೆ. 2005ರ ಜುಲೈ 26ರಂದು ಒಂದೇ ದಿನದ ಲೆಕ್ಕದಲ್ಲಿ 944 ಮಿಲಿಮೀಟರ್ ದಾಖಲಾದದ್ದೂ ಅಲ್ಲಿಯೇ. ಆದರೆ ತೇವದ ಲೆಕ್ಕಕ್ಕೆ ಮಳೆಯ ಅಳತೆಗಿಂತ ಗಾಳಿಯ ಸ್ಥಿತಿ ಮುಖ್ಯ. ಜುಲೈ-ಆಗಸ್ಟ್‌ನಲ್ಲಿ ಉಷ್ಣಾಂಶ 28 ಡಿಗ್ರಿಯ ಆಸುಪಾಸಿನಲ್ಲಿದ್ದು, ಸಾಪೇಕ್ಷ ಆರ್ದ್ರತೆ ದಿನವಿಡೀ 80ರಿಂದ 90 ಶೇಕಡದಲ್ಲಿ ನಿಲ್ಲುತ್ತದೆ. ಮಳೆ ಬಿಡುವು ಕೊಟ್ಟ ದಿನವೂ ಗಾಳಿ ಒಣಗುವುದಿಲ್ಲ. ಗೋರೆಗಾಂವ್ ಕರ್ನಾಟಕ ಸಂಘವಿರುವ ಈ ಉಪನಗರದ ಕನ್ನಡ ಮನೆಗಳಿಗೆ ತೇವ ಹೊಸ ಶತ್ರುವಲ್ಲ. ಅನೇಕರ ಮೂಲ ಊರುಗಳಾದ ಉಡುಪಿ, ಮಂಗಳೂರು ಕಡೆ ಮಳೆ ಇದಕ್ಕಿಂತ ಹೆಚ್ಚು. ಆದರೆ ಅಲ್ಲಿ ಕಟ್ಟಿಗೆ ಒಲೆಯ ಹೊಗೆ ಮತ್ತು ಬಿಸಿ ಅಟ್ಟವನ್ನು ತಾನಾಗಿ ಒಣಗಿಸಿಡುತ್ತಿತ್ತು, ಹಪ್ಪಳ ಸಂಡಿಗೆ ಡಬ್ಬಿ ಅಲ್ಲೇ ಬೆಚ್ಚಗಿರುತ್ತಿತ್ತು. ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಪುಸ್ತಕದ ರಟ್ಟಿನ ಮೇಲೆ, ಚರ್ಮದ ಚಪ್ಪಲಿಯ ಮೇಲೆ, ಕಪಾಟಿನ ಹಿಂಬದಿಯ ಪ್ಲೈವುಡ್ ಮೇಲೆ ಬೂಷ್ಟು ಏಳುತ್ತದೆ. ಆಗ ಬರುವುದು ಈ ಯಂತ್ರದ ಯೋಚನೆ, ಅದರ ಬೆನ್ನಿಗೇ ಬಿಲ್ಲಿನ ಭಯ.

ಮೊದಲು ನೀರಿನ ಲೆಕ್ಕ. 28 ಡಿಗ್ರಿಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿ ಘನ ಮೀಟರಿಗೆ ಸುಮಾರು 27 ಗ್ರಾಂ. ಆರ್ದ್ರತೆ 85 ಶೇಕಡ ಎಂದರೆ ಅದರಲ್ಲಿ 23 ಗ್ರಾಂ ಇದೆ ಎಂದರ್ಥ. 60 ಶೇಕಡಕ್ಕೆ ಇಳಿಸಿದರೆ 16 ಗ್ರಾಂ ಚಿಲ್ಲರೆ ಉಳಿಯುತ್ತದೆ. ತೆಗೆಯಬೇಕಾದದ್ದು ಘನ ಮೀಟರಿಗೆ 6.8 ಗ್ರಾಂ. ಹತ್ತಡಿ ಹನ್ನೆರಡಡಿಯ, ಒಂಬತ್ತಡಿ ಎತ್ತರದ ಮಲಗುವ ಕೋಣೆಯ ಗಾತ್ರ ಸುಮಾರು 30.6 ಘನ ಮೀಟರ್. ಅಂದರೆ ಕೋಣೆಯ ಗಾಳಿಯಲ್ಲಿರುವ ಹೆಚ್ಚುವರಿ ನೀರು ಬರೀ 208 ಗ್ರಾಂ, ಒಂದು ಲೋಟದಷ್ಟು. ಇಷ್ಟೇ ಆಗಿದ್ದರೆ ಯಂತ್ರ ಅರ್ಧ-ಮುಕ್ಕಾಲು ಗಂಟೆ ಓಡಿ ನಿಂತುಬಿಡಬೇಕಿತ್ತು. ನಿಲ್ಲದಿರಲು ಕಾರಣ ಬಾಗಿಲಡಿಯ ಸಂದು, ಸರಿಯಾಗಿ ಕೂಡದ ಸ್ಲೈಡಿಂಗ್ ಕಿಟಕಿ, ಏಸಿ ಪೈಪಿಗಾಗಿ ಕೊರೆದು ಮುಚ್ಚದೆ ಬಿಟ್ಟ ತೂತು. ಕೋಣೆಯ ಗಾಳಿ ಎರಡು ಗಂಟೆಗೊಮ್ಮೆ ಪೂರ್ತಿ ಬದಲಾಗುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 367 ಘನ ಮೀಟರ್ ಹೊಸ ಗಾಳಿ, ಅದರ ಜೊತೆ ಎರಡೂವರೆ ಲೀಟರ್ ಹೆಚ್ಚುವರಿ ನೀರು. ಅದೇ ಗಾಳಿ ಗಂಟೆಗೆ ಎರಡು ಸಲ ಬದಲಾಗುವಷ್ಟು ಸಂದುಗಳಿದ್ದರೆ ದಿನಕ್ಕೆ ಹತ್ತು ಲೀಟರ್. ಕೋಣೆ ಅದೇ, ಯಂತ್ರ ಅದೇ. ಕೆಲಸ ನಾಲ್ಕು ಪಟ್ಟು. ಇದಕ್ಕೆ ಮನೆಯೊಳಗೇ ಹುಟ್ಟುವ ನೀರನ್ನು ಸೇರಿಸಬೇಕು. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರು ಬೆವರಿನಿಂದ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ. ವಾಷಿಂಗ್ ಮಶೀನಿನಿಂದ ಹಿಂಡಿ ತೆಗೆದ ಒಂದು ಹೊರೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಹರವಿದರೆ ಇನ್ನೆರಡು ಲೀಟರ್. ಸಂದುಗಳನ್ನು ಮುಚ್ಚಿದ, ದಿನ ಬಿಟ್ಟು ದಿನ ಬಟ್ಟೆ ಒಣಗಿಸುವ ಕೋಣೆಯ ಸರಾಸರಿ ಹೊರೆ ಹೀಗೆ ದಿನಕ್ಕೆ ನಾಲ್ಕು ಲೀಟರಿನ ಸುತ್ತ ಬರುತ್ತದೆ.

ಇನ್ನು ಲೀಟರಿಗೆ ಎಷ್ಟು ಯೂನಿಟ್. ಒಂದು ಲೀಟರ್ ನೀರಾವಿ ನೀರಾಗುವಾಗ ಬಿಡುಗಡೆಯಾಗುವ ಶಾಖ ಸುಮಾರು 0.68 ಯೂನಿಟ್, ಕಂಪ್ರೆಸರ್ ಶಾಖವನ್ನು ತಾನು ಹುಟ್ಟಿಸದೆ ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸುವುದರಿಂದ ಅದಕ್ಕಿಂತ ಕಡಿಮೆ ಕರೆಂಟಿನಲ್ಲೂ ಕೆಲಸ ಮುಗಿಯಬಹುದು, ಸ್ವಲ್ಪ ಹೆಚ್ಚೂ ಬೇಕಾಗಬಹುದು. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ಏಷ್ಯಾದ ಮಾರುಕಟ್ಟೆಯಲ್ಲಿ ‘ದಿನಕ್ಕೆ 12 ಲೀಟರ್’ ಎಂದರೆ ಸಾಮಾನ್ಯವಾಗಿ 30 ಡಿಗ್ರಿ, 80 ಶೇಕಡ ಆರ್ದ್ರತೆಯಲ್ಲಿ 24 ಗಂಟೆ ಎಡೆಬಿಡದೆ ಓಡಿಸಿದಾಗಿನ ಮಾತು. ಕೋಣೆ ಒಣಗುತ್ತಾ ಬಂದಂತೆ ಸುರುಳಿಗೆ ಸಿಗುವ ನೀರು ಕಡಿಮೆಯಾಗುತ್ತದೆ, ಕಂಪ್ರೆಸರ್ ಎಳೆಯುವ ಕರೆಂಟು ಅಷ್ಟೇನೂ ಇಳಿಯುವುದಿಲ್ಲ. 220 ವ್ಯಾಟಿನ ಅಂಥ ಯಂತ್ರ 80 ಶೇಕಡದಲ್ಲಿ ಯೂನಿಟ್ಟಿಗೆ ಎರಡು ಲೀಟರಿಗಿಂತ ಹೆಚ್ಚು ನೀರು ತೆಗೆದರೆ, 60 ಶೇಕಡದ ಹತ್ತಿರ ಒಂದೂವರೆ ಲೀಟರ್ ತೆಗೆಯುವುದೂ ಕಷ್ಟ. ಅಮೆರಿಕದ ಇಂಧನ ಇಲಾಖೆ ಇದೇ ಕಾರಣಕ್ಕೆ ಯೂನಿಟ್ಟಿಗೆ ಎಷ್ಟು ಲೀಟರ್ ಎಂಬುದನ್ನೇ ಅಳತೆಗೋಲು ಮಾಡಿಕೊಂಡಿದೆ. 2019ರಿಂದ ಪರೀಕ್ಷೆಯ ಉಷ್ಣಾಂಶವನ್ನು ಸುಮಾರು 27ರಿಂದ 18 ಡಿಗ್ರಿಗೆ ಇಳಿಸಿ, ಚಿಕ್ಕ ಯಂತ್ರಗಳಿಗೆ ಕನಿಷ್ಠ 1.3 ಲೀಟರ್ ಎಂದು ಗೆರೆ ಎಳೆದಿದೆ. ಆ ಉಷ್ಣಾಂಶ ಅಲ್ಲಿಯ ನೆಲಮಾಳಿಗೆಗಳದ್ದು, ಗೋರೆಗಾಂವ್‌ನದ್ದಲ್ಲ. ನಮ್ಮಲ್ಲಿ ಫಲ ತುಸು ಉತ್ತಮವೇ ಇರುತ್ತದೆ. ಭಾರತದಲ್ಲಿ ಫ್ರಿಜ್, ಏಸಿ, ಸೀಲಿಂಗ್ ಫ್ಯಾನುಗಳಿಗೆ ಇರುವ ಬಿಇಇ ನಕ್ಷತ್ರಗಳ ಕಡ್ಡಾಯ ಚೀಟಿ ಈ ಯಂತ್ರಕ್ಕಿಲ್ಲವಾದ್ದರಿಂದ ಕೊಳ್ಳುವವರು ತಾವೇ ಭಾಗಿಸಿ ನೋಡಿಕೊಳ್ಳಬೇಕು. ಯೂನಿಟ್ಟಿಗೆ 1.4 ಲೀಟರ್ ಎಂದು ಹಿಡಿಯುವುದು ನ್ಯಾಯವಾದ ಅಂದಾಜು. ಹಾಗಾದರೆ ದಿನಕ್ಕೆ 4.2 ಲೀಟರಿಗೆ ಮೂರು ಯೂನಿಟ್, ತಿಂಗಳಿಗೆ 90. ಸಂದುಗಳಿಂದ ತುಂಬಿದ ಕೋಣೆಯಲ್ಲಿ ಅದೇ ಯಂತ್ರ ನಿಲ್ಲದೆ ಓಡಿ ತಿಂಗಳಿಗೆ ಹತ್ತಿರಹತ್ತಿರ 160 ಯೂನಿಟ್ ತಿನ್ನುತ್ತದೆ, ಆದರೂ ಆರ್ದ್ರತೆ 60ಕ್ಕೆ ಇಳಿಯದೆ 70ರ ಆಸುಪಾಸಿನಲ್ಲೇ ತಡವರಿಸುತ್ತದೆ. ಹೆಚ್ಚು ಖರ್ಚಾಗುವ ಮನೆಯಲ್ಲೇ ಫಲ ಕಡಿಮೆ ಎಂಬುದು ಈ ಯಂತ್ರದ ವಿಚಿತ್ರ.

ವ್ಯಾಟ್ ನೋಡಿ ಬೆಲೆಕಟ್ಟುವುದು ಎಷ್ಟು ಮೋಸ ಎಂಬುದಕ್ಕೆ ಪೆಲ್ಟಿಯರ್ ಬಗೆಯ ಚಿಕ್ಕ ಯಂತ್ರಗಳೇ ಸಾಕ್ಷಿ. ಕಂಪ್ರೆಸರ್ ಇಲ್ಲದ, ಸದ್ದಿಲ್ಲದ, ಮೇಜಿನ ಮೇಲಿಡಬಹುದಾದ ಇವು 70 ವ್ಯಾಟಿನಷ್ಟೇ ಎಳೆಯುತ್ತವೆ. ಒಂದು ಹಳೆಯ ಸೀಲಿಂಗ್ ಫ್ಯಾನಿನಷ್ಟು. ಆದರೆ ದಿನವಿಡೀ ಓಡಿ, ಪೂರ್ತಿ ಒದ್ದೆಯಾದ ಗಾಳಿಯಲ್ಲೂ ತೆಗೆಯುವ ನೀರು ಮುಕ್ಕಾಲು ಲೀಟರಿನೊಳಗೆ. 1.7 ಯೂನಿಟ್ಟಿಗೆ 0.7 ಲೀಟರ್, ಅಂದರೆ ಯೂನಿಟ್ಟಿಗೆ 0.4 ಲೀಟರ್. ತಿಂಗಳಿಗೆ 50 ಯೂನಿಟ್ ಸುಟ್ಟು ಇದು ತೆಗೆಯುವುದು 20 ಲೀಟರ್. ಅಷ್ಟೇ ಕರೆಂಟಿನಲ್ಲಿ ಕಂಪ್ರೆಸರ್ ಯಂತ್ರ 70 ಲೀಟರ್ ತೆಗೆಯುತ್ತದೆ. ಕಪಾಟಿಗೆ ಆದೀತು, ಕೋಣೆಗೆ ಆಗದು.

ಯೂನಿಟ್ ಸಿಕ್ಕಿದ ಮೇಲೆ ರೂಪಾಯಿ. ಗೋರೆಗಾಂವ್‌ನ ಬಹುಪಾಲು ಮನೆಗಳ ಬಿಲ್ಲು ಬರುವುದು ಅದಾನಿ ಎಲೆಕ್ಟ್ರಿಸಿಟಿ ಮುಂಬಯಿಯಿಂದ. 1929ರಲ್ಲಿ ಬಾಂಬೆ ಸಬರ್ಬನ್ ಎಲೆಕ್ಟ್ರಿಕ್ ಸಪ್ಲೈ ಆಗಿ ಶುರುವಾದ ಜಾಲ ರಿಲಯನ್ಸ್ ಕೈಯಿಂದ 2018ರ ಆಗಸ್ಟ್‌ನಲ್ಲಿ ಅದಾನಿ ಕೈಗೆ ಬಂತು. ಇದೇ ಉಪನಗರಗಳಲ್ಲಿ ಟಾಟಾ ಪವರ್ ಕೂಡ ಮನೆಗಳಿಗೆ ಕರೆಂಟು ಕೊಡುತ್ತದೆ. ದರ ಕಟ್ಟುವುದು ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ. ದರ ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ, ಚೌಕಟ್ಟು ಮಾತ್ರ ಅದೇ: ಮೊದಲ 100 ಯೂನಿಟ್, 101ರಿಂದ 300, 301ರಿಂದ 500, 500ರ ಮೇಲೆ, ಹೀಗೆ ನಾಲ್ಕು ಮೆಟ್ಟಿಲು, ಮೇಲಿನ ಮೆಟ್ಟಿಲಿನ ಯೂನಿಟ್ಟಿಗೆ ಹೆಚ್ಚು ದರ. ಎನರ್ಜಿ ಚಾರ್ಜ್ ಎಂಬ ಸಾಲನ್ನು ಮಾತ್ರ ನೋಡಿ ಲೆಕ್ಕ ಹಾಕುವವರು ಕೆಳಗಿನ ಸಾಲುಗಳನ್ನು ಮರೆಯುತ್ತಾರೆ. ತಂತಿಯಲ್ಲಿ ಸಾಗಿಸಿದ್ದಕ್ಕೆ ವ್ಹೀಲಿಂಗ್ ಚಾರ್ಜ್ ಪ್ರತಿ ಯೂನಿಟ್ಟಿಗೂ ಬೇರೆ. ಇಂಧನ ಹೊಂದಾಣಿಕೆ ಶುಲ್ಕ ಬಂದರೆ ಅದೂ ಯೂನಿಟ್ ಲೆಕ್ಕದಲ್ಲೇ. ಇವೆಲ್ಲದರ ಮೇಲೆ 16 ಶೇಕಡ ವಿದ್ಯುತ್ ಸುಂಕ. ಈ ನಾಲ್ಕನ್ನೂ ಕೂಡಿಸಿ ಸಿಗುವ ಅಂಕಿಯೇ ಆ ಮೆಟ್ಟಿಲಿನ ನಿಜವಾದ ಯೂನಿಟ್ ದರ. ಡಿಹ್ಯುಮಿಡಿಫೈಯರ್ ಬರುವ ಮೊದಲೂ ಮನೆಯಲ್ಲಿ ಫ್ರಿಜ್, ಫ್ಯಾನು, ಗೀಸರು ಓಡುತ್ತಲೇ ಇದ್ದವು. ಹೊಸದಾಗಿ ಸೇರಿದ ಯೂನಿಟ್ಟುಗಳು ಆ ಬಳಕೆಯ ಮೇಲೆ ಕೂರುವುದರಿಂದ ಅವಕ್ಕೆ ಬೀಳುವುದು ತುದಿಯ ದರ.

ಉದಾಹರಣೆಗೆ, ಲೆಕ್ಕಕ್ಕೆಂದು ಮಾತ್ರ, ಎಲ್ಲ ಸೇರಿ ಮೊದಲ ಮೆಟ್ಟಿಲಿಗೆ ಯೂನಿಟ್ಟಿಗೆ 6 ರೂಪಾಯಿ, ಎರಡನೆಯದಕ್ಕೆ 10, ಮೂರನೆಯದಕ್ಕೆ 13 ಎಂದಿಟ್ಟುಕೊಳ್ಳೋಣ. ತಿಂಗಳಿಗೆ 280 ಯೂನಿಟ್ ಬಳಸುವ ಮನೆಯ ಸರಾಸರಿ ದರ 8 ರೂಪಾಯಿ 57 ಪೈಸೆ. 90 ಯೂನಿಟ್ಟಿಗೆ ಸುಮಾರು 770 ರೂಪಾಯಿ ಸಾಕು ಅನ್ನಿಸುತ್ತದೆ. ನಿಜದಲ್ಲಿ 20 ಯೂನಿಟ್ ಎರಡನೆಯ ಮೆಟ್ಟಿಲಿನಲ್ಲಿ, 70 ಯೂನಿಟ್ ಮೂರನೆಯದರಲ್ಲಿ ಬೀಳುತ್ತವೆ: 1,110 ರೂಪಾಯಿ. ಅಂದಾಜಿಗಿಂತ 44 ಶೇಕಡ ಹೆಚ್ಚು. ತಿಂಗಳಿಗೆ 150 ಯೂನಿಟ್ಟಿನ ಚಿಕ್ಕ ಸಂಸಾರಕ್ಕೆ ಅದೇ ಯಂತ್ರ, ಅದೇ ಲೀಟರ್, 900 ರೂಪಾಯಿ. ಪಕ್ಕದ ಮನೆಯವರ ಅನುಭವ ಕೇಳಿ ನಮ್ಮ ಬಿಲ್ಲು ಊಹಿಸುವುದು ಹೀಗೆ ಕೈಕೊಡುತ್ತದೆ. ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗಿನ ಮೂರೂವರೆ ತಿಂಗಳಿಗೆ 315 ಯೂನಿಟ್. ಇದೇ ಊಹೆಯ ದರದಲ್ಲಿ ಮೂರು-ನಾಲ್ಕು ಸಾವಿರ ರೂಪಾಯಿಯ ಸುತ್ತ.

ದರದ ರಚನೆ ಇಷ್ಟು ಮುಖ್ಯವೇ ಎಂಬ ಅನುಮಾನಕ್ಕೆ ಕರ್ನಾಟಕದ ಕರಾವಳಿ ಒಳ್ಳೆಯ ಉತ್ತರ. ಮಂಗಳೂರಿನಲ್ಲಿ ಮೆಸ್ಕಾಂ ಗ್ರಾಹಕರಿಗೆ 2023-24ರಲ್ಲಿ ಬಳಕೆ 100 ಯೂನಿಟ್ ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ ಬೀಳುತ್ತಿತ್ತು. 2024ರ ಏಪ್ರಿಲ್‌ನಿಂದ ಅಲ್ಲಿಯ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಮೆಟ್ಟಿಲುಗಳನ್ನೇ ತೆಗೆದು ಮನೆಬಳಕೆಗೆ 5 ರೂಪಾಯಿ 90 ಪೈಸೆಯ ಒಂದೇ ದರ ಮಾಡಿತು. ಅಲ್ಲಿ ಸರಾಸರಿ ದರದಲ್ಲಿ ಗುಣಿಸಿದರೂ ಲೆಕ್ಕ ಅಷ್ಟಾಗಿ ಕೆಡದು. ಆದರೆ 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗೆ ಬೇರೆಯೇ ಗಣಿತ. ಹಿಂದಿನ ಸರಾಸರಿಗೆ ಹತ್ತು ಶೇಕಡ ಸೇರಿಸಿ ನಿಗದಿಮಾಡಿದ ಮಿತಿಯವರೆಗೆ ಉಚಿತ. ಅದನ್ನು ಮೀರಿಯೂ 200ರ ಒಳಗಿದ್ದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ತಿಂಗಳಿಗೆ 130 ಯೂನಿಟ್ ಬಳಸುತ್ತಿದ್ದ ಮನೆ 90 ಯೂನಿಟ್ ಸೇರಿಸಿಕೊಂಡರೆ ಯಂತ್ರದ ವೆಚ್ಚ 90 ಯೂನಿಟ್ಟಿನದಲ್ಲ, 220 ಯೂನಿಟ್ಟಿನದು. ಸುರುಳಿಯ ಮೇಲೆ ಹನಿಗಟ್ಟುವ ನೀರಿಗೆ ಗೋರೆಗಾಂವ್ ಯಾವುದು, ಮಂಗಳೂರು ಯಾವುದು ಗೊತ್ತಿಲ್ಲ, ಬಿಲ್ಲಿಗೆ ಗೊತ್ತು.

ಈ ಯಂತ್ರದ ವಿರುದ್ಧ ಗಟ್ಟಿಯಾದ ಆಕ್ಷೇಪ ಏಸಿಯ ಕಡೆಯಿಂದ ಬರುತ್ತದೆ: ಏಸಿ ಇದ್ದಮೇಲೆ ಇನ್ನೊಂದು ಯಂತ್ರ ಯಾಕೆ, ಅದೂ ನೀರನ್ನೇ ತೆಗೆಯುತ್ತದಲ್ಲ? ನಿಜ, ಏಸಿ ಹುಟ್ಟಿದ್ದೇ ತೇವಕ್ಕಾಗಿ. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯವೊಂದಕ್ಕೆ ಮೊದಲ ವ್ಯವಸ್ಥೆ ರೂಪಿಸಿದ್ದು ಕೆಲಸಗಾರರ ಸೆಕೆ ನಿವಾರಿಸಲು ಅಲ್ಲ, ತೇವಕ್ಕೆ ಹಿಗ್ಗಿ ಕುಗ್ಗುವ ಕಾಗದದಿಂದ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದುದಕ್ಕೆ. ಮೇ ತಿಂಗಳ ಸೆಕೆಯಲ್ಲಿ ಏಸಿ ಎರಡು ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ, ಆಗ ಡಿಹ್ಯುಮಿಡಿಫೈಯರ್ ದಂಡವೇ ಸರಿ. ಜುಲೈಯಲ್ಲಿ ಹಾಗಲ್ಲ. ಕೋಣೆ ಆಗಲೇ 27-28 ಡಿಗ್ರಿಯಲ್ಲಿರುವುದರಿಂದ ಥರ್ಮೋಸ್ಟಾಟ್ ಬೇಗ ತೃಪ್ತಿಯಾಗಿ ಕಂಪ್ರೆಸರ್ ನಿಲ್ಲುತ್ತದೆ. ಫ್ಯಾನು ಮಾತ್ರ ತಿರುಗುತ್ತಾ ಸುರುಳಿಯ ಮೇಲಿನ ಹಸಿಯನ್ನು ಮತ್ತೆ ಕೋಣೆಗೇ ಊದುತ್ತದೆ. ‘ಡ್ರೈ’ ಗುಂಡಿ ಒತ್ತಿದರೆ ಇದು ಸುಧಾರಿಸುತ್ತದೆ, ಆದರೆ ಕೋಣೆ ಚಳಿಯಾಗುತ್ತದೆ. ತಣ್ಣಗಾದ ಗಾಳಿಯ ಸಾಪೇಕ್ಷ ಆರ್ದ್ರತೆ ನಿರೀಕ್ಷಿಸಿದಷ್ಟು ಇಳಿಯುವುದೂ ಇಲ್ಲ. ಹಗಲೆಲ್ಲ ಖಾಲಿ ಇರುವ ಕೋಣೆಯ ಪುಸ್ತಕ, ಬಟ್ಟೆ ಕಾಯಲು ಒಂದು ಕಿಲೋವ್ಯಾಟಿನ ಏಸಿಯನ್ನು ಓಡಿಸುವುದಕ್ಕಿಂತ 220 ವ್ಯಾಟಿನ ಯಂತ್ರ ಅಗ್ಗ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡನ್ನೂ ಒಟ್ಟಿಗೆ ಓಡಿಸುವ ಮನೆಗಳು ಒಂದು ಗುಪ್ತ ಖರ್ಚನ್ನು ಲೆಕ್ಕಕ್ಕೆ ತಂದುಕೊಳ್ಳಬೇಕು. ಡಿಹ್ಯುಮಿಡಿಫೈಯರ್ ಪ್ರತಿ ಲೀಟರಿಗೆ ನೀರಾವಿಯಿಂದ ಬಂದ 0.68 ಯೂನಿಟ್ ಶಾಖವನ್ನೂ ತಾನು ಎಳೆದ 0.7 ಯೂನಿಟ್ ಕರೆಂಟನ್ನೂ ಬಿಸಿಯಾಗಿ ಕೋಣೆಯೊಳಗೇ ಬಿಡುತ್ತದೆ. ಆ 1.4 ಯೂನಿಟ್ ಬಿಸಿಯನ್ನು ಹೊರಹಾಕಲು ಏಸಿಗೆ ಇನ್ನೂ 0.4 ಯೂನಿಟ್ಟಿಗಿಂತ ಹೆಚ್ಚು ಬೇಕು. ಲೀಟರಿನ ನಿಜಬೆಲೆ ಆಗ 0.7 ಅಲ್ಲ, 1.1 ಯೂನಿಟ್ ದಾಟುತ್ತದೆ. ಯಂತ್ರ ಏಸಿ ಆರಿದ ಹೊತ್ತಿನಲ್ಲಿ ಓಡಿದರೆ ಈ ದಂಡ ತಪ್ಪುತ್ತದೆ.

ಇನ್ನೊಂದು ಆಕ್ಷೇಪ ಹಿರಿಯರದ್ದು: ಕಿಟಕಿ ತೆರೆದು ಫ್ಯಾನು ಹಾಕಿದರೆ ಆಯಿತು. ನವೆಂಬರಿನಿಂದ ಫೆಬ್ರವರಿವರೆಗೆ ಇದಕ್ಕಿಂತ ಒಳ್ಳೆಯ ಸಲಹೆ ಇಲ್ಲ, ಆಗ ಹೊರಗಿನ ಗಾಳಿಯೇ ಒಣ. ಮಳೆಗಾಲದಲ್ಲಿ ಕಿಟಕಿ ತೆರೆಯುವುದೆಂದರೆ ಘನ ಮೀಟರಿಗೆ 23 ಗ್ರಾಂ ನೀರನ್ನು ಒಳಗೆ ಕರೆಯುವುದು. ಫ್ಯಾನು ಬಟ್ಟೆಯನ್ನು ಬೇಗ ಒಣಗಿಸುತ್ತದೆ, ಗೋಡೆಯ ಮೂಲೆಯಲ್ಲಿ ಗಾಳಿ ಕಟ್ಟಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಆದರೆ ಬಟ್ಟೆಯಿಂದ ಎದ್ದ ನೀರು ಕೋಣೆಯಲ್ಲೇ ಇರುತ್ತದೆ. ಅದು ಪುಕ್ಕಟೆಯೂ ಅಲ್ಲ: 75 ವ್ಯಾಟಿನ ಹಳೆಯ ಫ್ಯಾನು ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 1.8 ಯೂನಿಟ್, ಸಂದು ಮುಚ್ಚಿದ ಕೋಣೆಯಿಂದ ಎರಡೂವರೆ ಲೀಟರ್ ನೀರು ತೆಗೆಯಲು ಡಿಹ್ಯುಮಿಡಿಫೈಯರ್‌ಗೆ ಬೇಕಾಗುವಷ್ಟೇ. ಬಿಎಲ್‌ಡಿಸಿ ಫ್ಯಾನಾದರೆ ಅದರ ಅರ್ಧಕ್ಕಿಂತ ಕಡಿಮೆ.

ಅಂದಾಜನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಸೊಸೈಟಿಯ ಮೀಟರ್ ಕೋಣೆಯಲ್ಲಿ ನಮ್ಮ ಮೀಟರಿನ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿಣುಕುತ್ತಿರುತ್ತದೆ. ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದನ್ನು ಅಲ್ಲೇ ಅಚ್ಚು ಹಾಕಿರುತ್ತಾರೆ. 3200 ಎಂದಿದ್ದರೆ, ಫ್ರಿಜ್ ಸಮೇತ ಉಳಿದೆಲ್ಲ ಆರಿಸಿ ಯಂತ್ರವೊಂದನ್ನೇ ಓಡಿಸಿದಾಗ ಹತ್ತು ನಿಮಿಷಕ್ಕೆ 120 ಮಿಣುಕು ಬಂದರೆ ಅದು 225 ವ್ಯಾಟ್ ಎಳೆಯುತ್ತಿದೆ. ಇನ್ನೊಂದು ಅಳತೆ ತೊಟ್ಟಿಯದ್ದು. ಒಂದು ವಾರ ತೊಟ್ಟಿಯ ನೀರನ್ನು ಅಳತೆಯ ಬಾಟಲಿಗೆ ಸುರಿದು ಬರೆದಿಟ್ಟರೆ ದಿನದ ಲೀಟರ್ ಸಿಗುತ್ತದೆ. ಎರಡನ್ನೂ ಜೋಡಿಸಿದರೆ ಯೂನಿಟ್ಟಿಗೆ ಎಷ್ಟು ಲೀಟರ್ ಎಂಬ ನಿಜವಾದ ಅಂಕಿ. ಎರಡನೆಯ ವಾರ ಬಾಗಿಲಡಿಗೆ ರಬ್ಬರ್ ಪಟ್ಟಿ ಹಾಕಿ, ಏಸಿ ತೂತು ಮುಚ್ಚಿ ಅಳೆದರೆ ಸಂದುಗಳಿಗೆ ನಾವು ಕಟ್ಟುತ್ತಿದ್ದ ಬಾಡಿಗೆ ಗೊತ್ತಾಗುತ್ತದೆ. ಗುರಿಯ ಅಂಕಿಯನ್ನೂ ಆಗಲೇ ನೋಡಿಕೊಳ್ಳಬೇಕು. ಬೂಷ್ಟು ತಡೆಯಲು ಆರ್ದ್ರತೆ 60 ಶೇಕಡಕ್ಕಿಂತ ಮೇಲೇರದಂತೆ ನೋಡಿಕೊಂಡರೆ ಸಾಕು. ಯಂತ್ರವನ್ನು 50ಕ್ಕೆ ಇಟ್ಟವರು ಹೊರಗಿನಿಂದ ಬರುವ ಪ್ರತಿ ಘನ ಮೀಟರ್ ಗಾಳಿಯಿಂದ 6.8ರ ಬದಲು 9.5 ಗ್ರಾಂ ತೆಗೆಸುತ್ತಾರೆ, ಅಂದರೆ 40 ಶೇಕಡ ಹೆಚ್ಚು ಕೆಲಸ. ಅದೂ ಯಂತ್ರದ ದಕ್ಷತೆ ಇನ್ನಷ್ಟು ಕುಸಿಯುವ ಮಟ್ಟದಲ್ಲಿ.

ಕಾಪಾಡಬೇಕಾದದ್ದು ಕೋಣೆಯಲ್ಲ, ಕೋಣೆಯಲ್ಲಿರುವ ಕೆಲವು ವಸ್ತುಗಳು ಎಂದಾದರೆ ಇಡೀ ಲೆಕ್ಕವೇ ಚಿಕ್ಕದಾಗುತ್ತದೆ. ಇಳಕಲ್ ಸೀರೆ, ಹಳೆಯ ಮಾಸಪತ್ರಿಕೆಗಳ ಕಟ್ಟು, ಹಾರ್ಮೋನಿಯಂ, ಕ್ಯಾಮೆರಾ, ಇವೆಲ್ಲ ಒಂದು ಘನ ಮೀಟರಿನ ಬಿಗಿಯಾದ ಕಪಾಟಿನಲ್ಲಿ ಹಿಡಿಸಿದರೆ ಅದರ ಗಾಳಿಯ ಹೆಚ್ಚುವರಿ ನೀರು ಏಳು ಗ್ರಾಂ ಮೀರದು, ಸಾಮಾನುಗಳೇ ಹೀರಿಕೊಂಡಿರುವ ತೇವ ಬೇರೆ. ಅಂಥಲ್ಲಿ ಬಿಸಿಯೇ ಬಹುಮಟ್ಟಿಗೆ ಸಾಕು: 28 ಡಿಗ್ರಿ, 85 ಶೇಕಡದ ಗಾಳಿಯನ್ನು ಒಂದು ಹನಿ ನೀರೂ ತೆಗೆಯದೆ 33 ಡಿಗ್ರಿಗೆ ಏರಿಸಿದರೆ ಆರ್ದ್ರತೆ ತಾನಾಗಿ 64 ಶೇಕಡಕ್ಕೆ ಬರುತ್ತದೆ. ಹಿಂದೆ ಕಪಾಟಿನ ತಳದಲ್ಲಿ 15 ವ್ಯಾಟಿನ ಬಲ್ಬು ಉರಿಸುತ್ತಿದ್ದುದರ ಮರ್ಮ ಇದೇ. ತಿಂಗಳಿಗೆ 11 ಯೂನಿಟ್ಟಿನೊಳಗೆ ಮುಗಿಯುವ ಖರ್ಚು. ಬಲ್ಬು ಬಟ್ಟೆಗೆ, ಕಾಗದಕ್ಕೆ ತಗುಲದಂತೆ ಲೋಹದ ಜಾಲರಿ ಹಾಕುವುದು ಮಾತ್ರ ಕಡ್ಡಾಯ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿಗಳಿಗೆ ಕರೆಂಟೇ ಬೇಡ, ಆದರೆ ನೀರು ತುಂಬಿದ ಮೇಲೆ ಹೊಸದು ಕೊಳ್ಳಬೇಕು, ಆ ಉಪ್ಪುನೀರು ಚೆಲ್ಲಿದರೆ ಚರ್ಮವೂ ಲೋಹವೂ ಕೆಡುತ್ತವೆ. ನುಸಿಗುಳಿಗೆ ಹುಳವನ್ನು ಓಡಿಸುತ್ತದೆಯೇ ಹೊರತು ತೇವವನ್ನು ಮುಟ್ಟುವುದಿಲ್ಲ.